ಮಕ್ಕಳು ಕಟ್ಟಿದ ಸೈಕಲ್ ದಿಬ್ಬಗಳನ್ನು ಕೆಡವಬೇಕೇ?

ಶಿರಸಿ ನಿವಾಸಿ: ನಮ್ಮ ಬಡಾವಣೆಯ ಹಿಂದಿನ ಸಾರ್ವಜನಿಕ ಜಾಗದಲ್ಲಿ ಹೈಸ್ಕೂಲು, ಪಿಯುಸಿ ಓದುವ ಹುಡುಗರು ಮಣ್ಣಿನ ದಿಬ್ಬಗಳನ್ನು ಕಟ್ಟಿಕೊಂಡು ಸಂಜೆ ಸೈಕಲ್ ಹಾರಿಸುತ್ತಾರೆ. ಯಾರ ಅನುಮತಿಯನ್ನೂ ಪಡೆದಿಲ್ಲ. ಕಳೆದ ವಾರ ಒಬ್ಬ ಬಿದ್ದು ಮುಂಗೈ ಮುರಿದುಕೊಂಡ ಮೇಲೆ, ಜೆಸಿಬಿ ತರಿಸಿ ಎಲ್ಲವನ್ನೂ ಸಮ ಮಾಡಿಸಬೇಕೆಂದು ಸ್ಥಳೀಯ ಸಂಸ್ಥೆಗೆ ಅರ್ಜಿ ಸಿದ್ಧವಾಗಿದೆ. ಸಹಿ ಹಾಕುವ ಮೊದಲು ನಿಮ್ಮ ಅಭಿಪ್ರಾಯ ಬೇಕು.

ಒಬ್ಬ ತಂದೆ: ನಾನು ಸಹಿ ಹಾಕಿದ್ದೇನೆ. ದೊಡ್ಡ ಹುಡುಗರು ಹಾರುವುದನ್ನು ನೋಡಿ ಐದನೆಯ ತರಗತಿಯ ನನ್ನ ಮಗನೂ ಹೆಲ್ಮೆಟ್ ಇಲ್ಲದೆ ಹೊರಟಿದ್ದಾನೆ. ನಾಳೆ ತಲೆಗೆ ಪೆಟ್ಟಾದರೆ ಹೊಣೆ ಯಾರದು?

ಸೈಕಲ್ ಸವಾರ: ನಿಮ್ಮ ಆತಂಕ ನ್ಯಾಯವಾದದ್ದು. ಆದರೆ ಅಪಾಯವಿರುವುದು ಎಲ್ಲಿ ಎಂಬುದನ್ನು ಬಿಡಿಸಿ ನೋಡಬೇಕು. ಹಾರುವ ದಿಬ್ಬಕ್ಕೂ ಇಳಿಯುವ ದಿಬ್ಬಕ್ಕೂ ನಡುವೆ ಗುಂಡಿ ಬಿಟ್ಟಿದ್ದರೆ, ವೇಗ ಸ್ವಲ್ಪ ಕಡಿಮೆಯಾದರೂ ಮುಂದಿನ ಚಕ್ರ ಎದುರಿನ ದಿಬ್ಬದ ಮೂತಿಗೆ ಬಡಿದು ಸವಾರ ಹ್ಯಾಂಡಲ್ ಮೇಲಿಂದ ಎಗರಿ ಬೀಳುತ್ತಾನೆ. ಅದೇ ಗುಂಡಿಯನ್ನು ತುಂಬಿಸಿ ಮೇಲ್ಭಾಗವನ್ನು ಮೇಜಿನಂತೆ ಸಪಾಟಾಗಿಸಿದರೆ, ಹಾರಲಾಗದವನು ಅದರ ಮೇಲೇ ಉರುಳಿಕೊಂಡು ಹೋಗಬಹುದು. ಇದು ನಾಲ್ಕು ಬುಟ್ಟಿ ಮಣ್ಣಿನ ಮಾತು. ಕೆಡವಿದರೆ ಅವರು ಕೂಗಿದರೂ ಯಾರಿಗೂ ಕೇಳಿಸದ ಕಾಡಿನಂಚಿನಲ್ಲಿ ಇನ್ನೊಂದನ್ನು ಕಟ್ಟುತ್ತಾರೆ.

ನಿವೃತ್ತ ಇಂಜಿನಿಯರ್, ಕಾರವಾರ: ಮೊದಲು ಆ ಜಾಗ ಯಾರದೆಂದು ಪಹಣಿ ತೆಗೆಸಿ ನೋಡಿ. ಅರಣ್ಯವೆಂದು ದಾಖಲಾಗಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಸ್ಥಳೀಯ ಸಂಸ್ಥೆ ಮನಸ್ಸು ಮಾಡಿದರೂ ತಾನಾಗಿ ಅನುಮತಿ ಕೊಡಲಾಗದು. ಎರಡನೆಯದು, ಹುಡುಗರು ಮಣ್ಣನ್ನು ಎಲ್ಲಿಂದ ತೆಗೆಯುತ್ತಿದ್ದಾರೆ? 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಕುಸಿದದ್ದನ್ನು ಈ ಜಿಲ್ಲೆಯವರು ಮರೆಯುವಂತಿಲ್ಲ. ಅದಕ್ಕೂ ಇದಕ್ಕೂ ಹೋಲಿಕೆಯಿಲ್ಲ, ಒಪ್ಪುತ್ತೇನೆ. ಆದರೂ ನಮ್ಮ ಮಳೆಯಲ್ಲಿ ಗುಡ್ಡದ ಬುಡ ಕೆತ್ತುವುದು ಮತ್ತು ನೀರು ಹರಿಯುವ ದಾರಿಗೆ ದಿಬ್ಬ ಅಡ್ಡ ಹಾಕುವುದು ಎಳ್ಳಷ್ಟೂ ಸಲ್ಲದು.

ಒಬ್ಬ ತಂದೆ: ಹಾಗಾದರೆ ಸ್ಥಳೀಯ ಸಂಸ್ಥೆ ಒಪ್ಪಿಕೊಂಡ ಕ್ಷಣದಿಂದ ಹೊಣೆಯೂ ಅದರ ತಲೆಗೇ ಬರುತ್ತದೆ. ಯಾವ ಅಧಿಕಾರಿ ಸಹಿ ಹಾಕುತ್ತಾರೆ?

ಬ್ರಿಟನ್ನಿನಲ್ಲಿದ್ದು ಬಂದವರು: ಅಲ್ಲಿನ ಕೌನ್ಸಿಲ್‌ಗಳಿಗೂ ಇದೇ ಭಯ. ಆದರೆ ಅಲ್ಲಿನ 1984ರ ಕಾಯ್ದೆಯ ಪ್ರಕಾರ, ಅನುಮತಿಯಿಲ್ಲದೆ ಒಳಬಂದವರ ವಿಷಯದಲ್ಲೂ ಜಾಗ ನೋಡಿಕೊಳ್ಳುವವರಿಗೆ ಸೀಮಿತವಾದ ಹೊಣೆಯಿದೆ. ಅಪಾಯ ಗೊತ್ತಿದ್ದೂ ಸುಮ್ಮನಿರುವುದು ಅಲ್ಲಿ ರಕ್ಷಣೆಯಾಗುವುದಿಲ್ಲ. ನಮ್ಮ ಕಾನೂನು ಬೇರೆ, ನಿಜ. ಆದರೆ ಬಂದು ನೋಡಿ, ಅಪಾಯದ ದಿಬ್ಬವನ್ನಷ್ಟೇ ತೆಗೆಸಿ, ಉಳಿದದ್ದಕ್ಕೆ ನಿಯಮದ ಫಲಕ ಹಾಕುವ ಕ್ರಮ ಇಲ್ಲಿಗೂ ಒಗ್ಗುತ್ತದೆ.

ಶಿರಸಿ ನಿವಾಸಿ: ಇಂದು ಸಂಜೆ ಹೋಗಿ ನೋಡಿದೆ. ಮಣ್ಣನ್ನು ಗುಡ್ಡದಿಂದ ತೆಗೆದಿಲ್ಲ, ಹಳೆಯ ಚರಂಡಿ ಕೆಲಸದಲ್ಲಿ ಉಳಿದ ರಾಶಿಯಿಂದ ತಂದಿದ್ದಾರೆ. ಮಳೆಗೆ ಕರಗದಿರಲೆಂದು, ಮಣ್ಣಿನ ಗೋಡೆಗೆ ನಮ್ಮ ಹಿರಿಯರು ಕಟ್ಟುತ್ತಿದ್ದ ಹಾಗೆಯೇ, ದಿಬ್ಬಗಳಿಗೆ ಅಡಿಕೆ ಸೋಗೆ ಹೊದಿಸಿದ್ದಾರೆ. ಇಷ್ಟು ಜತನ ಮಾಡುವವರ ಕೆಲಸವನ್ನು ಒಂದು ಮಾತೂ ಕೇಳದೆ ಸಮ ಮಾಡಿಸಲು ನನ್ನ ಕೈ ಏಳಲಿಲ್ಲ. ಗುಂಡಿ ಬಿಟ್ಟ ದಿಬ್ಬ ಒಂದೇ ಇದೆ. ಭಾನುವಾರ ಅದನ್ನು ತುಂಬಲು ಹುಡುಗರು ಒಪ್ಪಿದ್ದಾರೆ. ಅರ್ಜಿಯಲ್ಲಿ "ತೆರವುಗೊಳಿಸಿ" ಎಂಬುದನ್ನು ಹೊಡೆದು "ಸ್ಥಳ ಪರಿಶೀಲಿಸಿ" ಎಂದು ಬರೆದಿದ್ದೇನೆ. ಪಹಣಿಗೆ ನಾಳೆಯೇ ಹೋಗುತ್ತೇನೆ.

ಒಬ್ಬ ತಂದೆ: ಭಾನುವಾರ ನಾನೂ ಗುದ್ದಲಿ ತರುತ್ತೇನೆ. ಆದರೆ ಹೆಲ್ಮೆಟ್ ಇಲ್ಲದವರು ಹತ್ತಬಾರದೆಂಬ ನಿಯಮ ಅಂದೇ ಆಗಬೇಕು.