ಸಹಾಯ ಬೇಕು: ಸೂರಿನ ದೋಣಿಗೆ ಸರ್ವಿಸ್ ವೈರ್ ಉಜ್ಜುತ್ತಿದೆ

ವೈರಿಂಗ್ ಕೆಲಸ ಬಲ್ಲವರು ದಯವಿಟ್ಟು ನೋಡಿ. ನಮ್ಮದು ಸಾಗರದ ಕಡೆಯ ಹಂಚಿನ ಮನೆ. ಬೇಸಿಗೆಯಲ್ಲಿ ಸೂರಿಗೆ ಮಳೆನೀರು ಹರಿದುಹೋಗುವ ಹೊಸ ತಗಡಿನ ದೋಣಿ ಹಾಕಿಸಿದೆವು. ಕಂಬದಿಂದ ಬಂದ ಸರ್ವಿಸ್ ವೈರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಇಳಿಯುವಲ್ಲಿ ಈಗ ದೋಣಿಗೂ ಅದಕ್ಕೂ ಗೇಣು ಅಂತರವೂ ಇಲ್ಲ. ಗಾಳಿ ಬಂದರೆ ವೈರ್ ತಗಡಿನ ಅಂಚಿಗೆ ಉಜ್ಜುತ್ತದೆ, ಕಪ್ಪು ಹೊದಿಕೆ ಆಗಲೇ ಸವೆದಿದೆ. ಒಳಗಿನ ತಂತಿ ತಾಗಿದರೆ ಇಡೀ ದೋಣಿಗೇ ಕರೆಂಟು. ಮಳೆನೀರು ಹಿಡಿಯುವ ಡ್ರಮ್ಮು ಬೇರೆ ಅದರ ಕೆಳಗೇ ಇದೆ. ಆ ಬದಿಗೆ ಏಣಿ ಹಾಕುವುದನ್ನೇ ನಿಲ್ಲಿಸಿದ್ದೇವೆ.

ಲೋ ವೋಲ್ಟೇಜ್ ಲೈನಿಗೆ ಮಾಡಿನಿಂದ ಮೇಲಕ್ಕೆ 2.5 ಮೀಟರ್, ಪಕ್ಕಕ್ಕೆ 1.2 ಮೀಟರ್ ಅಂತರ ಬೇಕು; ಅಷ್ಟಿಲ್ಲದಿದ್ದರೆ ಇನ್ಸುಲೇಟೆಡ್ ವೈರನ್ನು ಅರ್ಥ್ ಮಾಡಿದ (ನೆಲಕ್ಕೆ ಜೋಡಿಸಿದ) ಬೇರರ್ ತಂತಿಗೆ, ಅಂದರೆ ವೈರಿನ ಭಾರ ಹೊರುವ ತಂತಿಗೆ, ಕ್ಲಿಪ್ ಹಾಕಿ ಕಟ್ಟಿರಬೇಕು ಅಂತ ನಿಯಮ. ನಮ್ಮ ಬೇರರ್ ತಂತಿಗೆ ಅರ್ಥಿಂಗೇ ಕಾಣುವುದಿಲ್ಲ.

ಲೈನ್‌ಮ್ಯಾನ್ ಕೇಳಿದರೆ "ಪಿವಿಸಿ ಪೈಪ್ ತೂರಿಸಿಬಿಡಿ ಮಾರಾಯ್ರೆ" ಅಂದರು. ನನಗೇನೋ ಅದು ಸಾಲದು ಅನ್ನಿಸುತ್ತದೆ. ಜಿಐ ಪೈಪನ್ನು ಎತ್ತರಿಸುವುದೋ, ದೋಣಿಯ ಆ ತುಂಡನ್ನು ಪಿವಿಸಿಗೆ ಬದಲಿಸುವುದೋ, ಮೀಟರ್ ಬೋರ್ಡನ್ನೇ ಬೇರೆ ಗೋಡೆಗೆ ಸರಿಸುವುದೋ? ಕರೆಂಟು ಕಂಪನಿಗೆ ಕೊಡುವ ಅರ್ಜಿಗೆ ಏನೇನು ಕಾಗದ ಬೇಕು, ಖರ್ಚು ಯಾರದು? ಇಂಥದ್ದು ಮಾಡಿಸಿದವರು ಇದ್ದರೆ ಹೇಳಿ, ಜೋರು ಮಳೆ ಹಿಡಿಯುವ ಮೊದಲೇ ಆಗಬೇಕಿದೆ.