ಏರು, ಇಳಿಜಾರು, ಬೈಟು ಕಾಫಿ

"ಬೆಂಗಳೂರು ಸಪಾಟು ಊರು ಕಣ್ರೋ" ಎಂದ ಸೀನ.

ಸ್ಕೂಟರಿನಿಂದ ಕೆಳಗಿಳಿಯದ ಮನುಷ್ಯ ಮಾತ್ರ ಆಡಬಹುದಾದ ಮಾತು ಇದು. ಪಕ್ಕದ ಬೀದಿಯಿಂದ ಹಾಲು ತರುವುದಕ್ಕೂ ಸ್ಕೂಟರ್ ತೆಗೆಯುವವನು ಅವನು. ಗಾಂಧಿ ಬಜಾರಿನ ಒಂದು ದರ್ಶಿನಿಯಲ್ಲಿ, ಎತ್ತರದ ಮೇಜಿನ ಸುತ್ತ ನಾವು ಐದು ಜನ ನಿಂತಿದ್ದೆವು. ಮೂರು ಕಾಫಿ, ಎರಡು ಖಾಲಿ ಲೋಟ. ಊರನ್ನು ಬಡಾವಣೆ ಬಡಾವಣೆಯಾಗಿ ಸೈಕಲ್ಲಿನಲ್ಲಿ ಸುತ್ತಬೇಕು ಎಂದು ಗೀತಾ ಹೊಸದಾಗಿ ಹಟ ಹಿಡಿದಿದ್ದಳು. ಎಲ್ಲಿಂದ ಶುರು ಮಾಡುವುದು ಎನ್ನುವುದು ಅವತ್ತಿನ ಚರ್ಚೆ.

"ಸಪಾಟಂತೆ! ಗವಿಪುರದಿಂದ ಹನುಮಂತನಗರಕ್ಕೆ ಒಂದು ಸಲ ಸೈಕಲ್ ಹತ್ತಿಸು, ಆಮೇಲೆ ಮಾತಾಡು" ಎಂದರು ಮೇಷ್ಟ್ರು. ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟು ರಿಟೈರ್ ಆದವರು. ಆಗ ಮಕ್ಕಳು ಕೇಳದೆ ಬಿಟ್ಟ ಪಾಠವನ್ನೆಲ್ಲ ಈಗ ನಮ್ಮ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ. ಮೇಜಿನ ಮೇಲೆ ಚೆಲ್ಲಿದ್ದ ಸಾಂಬಾರಿನಲ್ಲಿ ಬೆರಳಾಡಿಸಿ ಉದ್ದಕ್ಕೆ ಒಂದು ಗೆರೆ ಎಳೆದರು. "ನೋಡು, ಊರಿನ ನಡುವೆ ಉತ್ತರದಿಂದ ದಕ್ಷಿಣಕ್ಕೆ ಹೀಗೆ ಒಂದು ದಿಬ್ಬ ಇದೆ. ಈ ಕಡೆ ಬಿದ್ದ ಮಳೆ ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಆಮೇಲೆ ಕಾವೇರಿಗೆ. ಆ ಕಡೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ."

"ಎರಡೂ ಕೊನೆಗೆ ಎಲ್ಲಿಗೆ ಹೋಗುತ್ತೆ ಮೇಷ್ಟ್ರೇ?"

"ಬಂಗಾಳ ಕೊಲ್ಲಿಗೆ."

"ಒಂದೇ ಕಡೆ ಸೇರೋದಾದರೆ ಇಷ್ಟು ಜಗಳ ಯಾಕೆ? ನಾನು ಇಲ್ಲೇ ಇರ್ತೀನಿ" ಎಂದು ಸೀನ ಇನ್ನೊಂದು ವಡೆಗೆ ಚೀಟಿ ತರಲು ಹೊರಟ.

ಮೇಷ್ಟ್ರ ಮಾತು ನಿಜವೇ. ಬೆಂಗಳೂರಿನ ಏರಿಳಿತ ಕಾರಿನಲ್ಲಿ ಗೊತ್ತಾಗುವುದಿಲ್ಲ. ಸ್ಕೂಟರಿನಲ್ಲಂತೂ ಇಲ್ಲವೇ ಇಲ್ಲ. ಮಂಡಿಗೆ ಮಾತ್ರ ಗೊತ್ತಾಗುತ್ತದೆ. ಈ ವಿಷಯದಲ್ಲಿ ನಾನು ಒಂದು ಸೂತ್ರವನ್ನೂ ಕಂಡುಕೊಂಡಿದ್ದೇನೆ. ಒಳ್ಳೆಯ ಇಳಿಜಾರು ಸಿಕ್ಕಿತು ಅಂದರೆ ಕೆಳಗೆ ಕೆರೆ ಇರಬೇಕು. ಕೆರೆ ಇಲ್ಲದಿದ್ದರೆ ಬಸ್ ಸ್ಟ್ಯಾಂಡೋ ಸ್ಟೇಡಿಯಮ್ಮೋ ಇರುತ್ತದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆಯಲ್ಲಿ. ಹಾಕಿ ಆಡುವುದು ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ. ನೀರು ಹೋಯಿತು, ಇಳಿಜಾರು ಉಳಿಯಿತು. ಇಳಿಜಾರನ್ನು ಡಿನೋಟಿಫೈ ಮಾಡಲು ಯಾರಿಗೂ ಆಗಿಲ್ಲ.

"ಎಂತ ಮಾರಾಯ, ಗೇರ್ ಇದ್ದರೆ ಏರು ಒಂದು ವಿಷಯವೇ ಅಲ್ಲ" ಎಂದ ಪ್ರಸಾದ. ಮಂಗಳೂರಿನವನು, ಸಾಫ್ಟ್‌ವೇರು. ಅವನ ಸೈಕಲ್ಲಿನ ಬೆಲೆ ನಮಗೆಲ್ಲ ಗೊತ್ತು, ಹೆಂಡತಿಗೆ ಗೊತ್ತಿಲ್ಲ. ಸೈಕಲ್ಲಿನ ತೂಕ ಕಡಿಮೆ ಮಾಡುವುದೇ ಅವನ ಜೀವನದ ಗುರಿ. ಸೀಟು ಬದಲಾಯಿಸಿ ಇಷ್ಟು ಗ್ರಾಂ, ಪೆಡಲ್ ಬದಲಾಯಿಸಿ ಇಷ್ಟು ಗ್ರಾಂ ಎಂದು ಲೆಕ್ಕ ಇಡುತ್ತಾನೆ. ಹಾಗೆ ಉಳಿಸಿದ ಗ್ರಾಂಗಳನ್ನೆಲ್ಲ ಭಾನುವಾರ ಬೆಳಗ್ಗೆ ಬೆಣ್ಣೆಯ ರೂಪದಲ್ಲಿ ಹೊಟ್ಟೆಗೆ ಹಾಕಿಕೊಳ್ಳುತ್ತಾನೆ. ದೋಸೆಗೆ ಹೆಸರಾದ ವಿದ್ಯಾರ್ಥಿ ಭವನ 1943ರಿಂದ ಇದೆ. ಪ್ರಸಾದನ ಗೇರುಗಳಿಂದ ಅದಕ್ಕೆ ಯಾವ ನಷ್ಟವೂ ಆಗಿಲ್ಲ.

"ನಿನ್ನ ಗೇರು ಶಿವಾಜಿನಗರದಲ್ಲಿ ಏನಾಯಿತು, ಅದನ್ನು ಹೇಳು" ಎಂದಳು ಗೀತಾ.

ಆ ಕಥೆ ಹೀಗಿದೆ. ರಸೆಲ್ ಮಾರ್ಕೆಟ್ ಹತ್ತಿರ ಪ್ರಸಾದನ ಟಯರ್ ಗಾಳಿ ಹೋಯಿತು. ಪಂಕ್ಚರ್ ಅಂಗಡಿಯ ಭಾಯ್ ಪಂಪ್ ತಂದು ಕೂತರು. ವಾಲ್ವ್ ನೋಡಿದರೆ ಕಡ್ಡಿಯಷ್ಟು ಸಣ್ಣ. ಅಂಗಡಿಯಲ್ಲಿದ್ದ ಯಾವ ಪಂಪೂ ಅದಕ್ಕೆ ಕೂರಲಿಲ್ಲ. ಅದಕ್ಕೊಂದು ಅಡಾಪ್ಟರ್ ಬರುತ್ತದೆ, ತೀರಾ ಅಗ್ಗ. ಅದೊಂದನ್ನು ಬಿಟ್ಟು ಪ್ರಸಾದನ ಹತ್ತಿರ ಎಲ್ಲಾ ಇತ್ತು. ಭಾಯ್ ಸೈಕಲ್ಲನ್ನು ಎಲ್ಲಾ ಕಡೆಯಿಂದ ನೋಡಿ, "ಸಾರ್, ಇಷ್ಟು ದುಡ್ಡು ತಗೊಂಡು ಗಾಳಿ ಹಾಕೋ ಜಾಗಾನೇ ಕೊಟ್ಟಿಲ್ವಲ್ಲ" ಎಂದು ಮರುಕಪಟ್ಟರು. ಆಮೇಲೆ ಚಹಾ ಕೊಡಿಸಿದರು. ಪ್ರಸಾದ ಸೈಕಲ್ ತಳ್ಳಿಕೊಂಡು ಹಲಸೂರಿನವರೆಗೆ ನಡೆದ. ದಂಡು ಪ್ರದೇಶವನ್ನು, ಅಂದರೆ ಹಳೆಯ ಕಂಟೋನ್ಮೆಂಟನ್ನು, ಅವನಷ್ಟು ಕೂಲಂಕಷವಾಗಿ ನೋಡಿದವರು ನಮ್ಮಲ್ಲಿ ಯಾರೂ ಇಲ್ಲ.

"ಅಲ್ಲಿಂದಲೇ ಶುರು ಮಾಡೋಣ" ಎಂದೆ ನಾನು. ಫ್ರೇಜರ್ ಟೌನ್, ಕಾಕ್ಸ್ ಟೌನ್, ರಿಚರ್ಡ್ಸ್ ಟೌನ್. ನೇರ ರಸ್ತೆ, ದೊಡ್ಡ ಮರ, ಅಲ್ಲೊಂದು ಇಲ್ಲೊಂದು ಉಳಿದಿರುವ ಮಂಕಿ ಟಾಪ್ ಬಂಗಲೆ. ಕಿಟಕಿಯ ಮೇಲಿನ ಆ ಚೂಪು ಮರದ ಮಾಡನ್ನು ನೋಡಬೇಕಾದರೆ ನಿಧಾನವಾಗಿಯೇ ಹೋಗಬೇಕು. ಸಿಟಿಗೂ ದಂಡಿಗೂ 1949ರವರೆಗೆ ಬೇರೆ ಬೇರೆ ಮುನಿಸಿಪಾಲಿಟಿ ಇತ್ತು. ಎರಡನ್ನೂ ಸೇರಿಸಿ ಕಾರ್ಪೊರೇಷನ್ ಮಾಡಿದರು. ಸೈಕಲ್ ಬೆಲ್ ಹೊಡೆದರೆ ಮಾತ್ರ ಇವತ್ತಿಗೂ ಎರಡು ಊರೇ. ನಮ್ಮ ಕಡೆ "ನಿಧಾನ ಗುರೂ" ಅನ್ನುತ್ತಾರೆ. ಆ ಕಡೆ ದಖನಿಯಲ್ಲೋ ತಮಿಳಿನಲ್ಲೋ ಬೈಯುತ್ತಾರೆ. ಬೈಗುಳ ಬದಲಾದ ಜಾಗದಲ್ಲಿ ಗಡಿ ದಾಟಿದಿರಿ ಎಂದು ತಿಳಿಯಬಹುದು.

"ಗಡಿಯ ಮಾತು ಬಂತಲ್ಲ, ಅದನ್ನು ನಿಜವಾಗಿ ಕಾಯುವವು ನಾಯಿಗಳು" ಎಂದಳು ಗೀತಾ.

ಇಲ್ಲಿ ಎಲ್ಲರಿಗೂ ಉತ್ಸಾಹ ಬಂತು. ನಾಯಿಯ ವಿಷಯದಲ್ಲಿ ಹೇಳಲು ಏನೂ ಇಲ್ಲದ ಸೈಕಲ್ ಸವಾರ ಬೆಂಗಳೂರಿನಲ್ಲಿ ಹುಟ್ಟಿಲ್ಲ. ಕಾರು ಹೋದರೆ ತಲೆ ಎತ್ತಿಯೂ ನೋಡದ ನಾಯಿಗೆ ಸೈಕಲ್ ಮೇಲಿನ ಮೀನಖಂಡ ಕಂಡರೆ ಸಾಕು, ಡ್ಯೂಟಿ ನೆನಪಾಗುತ್ತದೆ. ಒಂದು ಅಡ್ಡರಸ್ತೆಯ ತಂಡ ಮುಂದಿನ ಅಡ್ಡರಸ್ತೆಯ ಮೂಲೆಯವರೆಗೆ ಅಟ್ಟಿಸಿಕೊಂಡು ಬಂದು ಟಕ್ಕನೆ ನಿಲ್ಲುತ್ತದೆ. ಅಲ್ಲಿ ಎರಡನೇ ತಂಡ ಕಾದಿರುತ್ತದೆ. ಹಸ್ತಾಂತರ ಅಷ್ಟು ಚೊಕ್ಕ. ವಾರ್ಡುಗಳ ಗಡಿಯನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಲಿ, ನಾಯಿಗಳು ಒಪ್ಪುವುದಿಲ್ಲ.

ಪ್ರಸಾದನ ಉಪಾಯ, ಜೋರಾಗಿ ತುಳಿಯುವುದು. ಅದು ನಾಯಿಗೂ ಇಷ್ಟ. ಮೇಷ್ಟ್ರ ಉಪಾಯ ಬೇರೆ. ಇಳಿದು, ಸೈಕಲ್ಲನ್ನು ತಮಗೂ ನಾಯಿಗೂ ನಡುವೆ ಇಟ್ಟುಕೊಂಡು ನಡೆಯುತ್ತಾರೆ. ಅಟ್ಟಿಸಲು ಏನೂ ಉಳಿಯದೆ ನಾಯಿಗೇ ಬೇಜಾರಾಗುತ್ತದೆ. "ಹಿಂದಿನ ಬೆಂಚಿನ ಹುಡುಗರಿಗೂ ಇದನ್ನೇ ಮಾಡುತ್ತಿದ್ದೆ" ಎಂದರು.

"ನಾಯಿ ವಾಸಿ" ಎಂದಳು ಗೀತಾ. "ನಮ್ಮ ಮಲ್ಲೇಶ್ವರದಲ್ಲಿ ಸೈಕಲ್ ಮೇಲೆ ಹೋದರೆ ಗೇಟಿನಲ್ಲಿ ನಿಂತಿರುವ ಆಂಟಿಯರು ಕೇಳುತ್ತಾರೆ, ಯಾಕಮ್ಮ, ಸ್ಕೂಟಿ ಮಾರಿಬಿಟ್ಟೆಯಾ? ಎಲ್ಲಾ ಸರಿಯಾಗಿದೆ ತಾನೇ? ಒಬ್ಬರಂತೂ ಅಮ್ಮನಿಗೆ ಫೋನ್ ಮಾಡಿ, ಸಂಕೋಚ ಮಾಡಿಕೊಳ್ಳಬೇಡಿ, ಏನಾದರೂ ಬೇಕಿದ್ದರೆ ಹೇಳಿ ಅಂದರಂತೆ."

ಹಾಗೆಂದು ಅವಳು ಮಲ್ಲೇಶ್ವರವನ್ನು ಬಿಟ್ಟುಕೊಡುವವಳಲ್ಲ. ಅಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳಿವೆ. 1898ರ ಪ್ಲೇಗಿನ ನಂತರ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಮಲ್ಲೇಶ್ವರ, ಬಸವನಗುಡಿ ಎರಡನ್ನೂ ಬೆಳೆಸಿದಾಗ ಗಾಳಿ, ಬೆಳಕು, ಚೊಕ್ಕಟದ ಯೋಚನೆ ಎಲ್ಲಕ್ಕಿಂತ ಮುಂದಿತ್ತು. ಅಗಲ ರಸ್ತೆ, ಪಾರ್ಕು, ಮನೆಯ ಹಿಂದೆ ಕೊಳೆ ಸಾಗಿಸಲು ಬೇರೆಯೇ ದಾರಿ. ಈಗ ಆ ಗಲ್ಲಿಗೆ ಕಾರು ನುಗ್ಗುವುದಿಲ್ಲ, ಸೈಕಲ್ ನುಗ್ಗುತ್ತದೆ. ಮನೆಯ ಮುಂದೆ ಗ್ರಾನೈಟ್, ಇಟಾಲಿಯನ್ ದೀಪ. ಹಿಂದೆ ಹೋಗಿ ನೋಡಿ: ಒಣಹಾಕಿದ ಪಂಚೆ, ತುಕ್ಕು ಹಿಡಿದ ಮಕ್ಕಳ ಉಯ್ಯಾಲೆ, ಯಾರೂ ಗುಜರಿಗೆ ಹಾಕಲು ಒಪ್ಪದ ಅಜ್ಜನ ಸ್ಕೂಟರು. ಬಡಾವಣೆಯನ್ನು ಅರ್ಥ ಮಾಡಿಕೊಳ್ಳಬೇಕು ಅನ್ನುವವರು ಹಿಂಬಾಗಿಲಿನಿಂದಲೇ ಬರಬೇಕು ಎಂದು ನನ್ನ ಅಭಿಪ್ರಾಯ. ಕಳ್ಳರಿಗೆ ಇದು ಮೊದಲೇ ಗೊತ್ತಿತ್ತು ಎಂದ ಸೀನ.

"ಪೇಟೆಯನ್ನೂ ಬಿಡಬಾರದು" ಎಂದರು ಮೇಷ್ಟ್ರು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರು ಅದೇ ತಾನೇ. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ತರಗುಪೇಟೆ. ಆದರೆ ಭಾನುವಾರ ಬೆಳಗ್ಗೆ ಮಾತ್ರ. ವಾರದ ದಿನ ಚಿಕ್ಕಪೇಟೆಯಲ್ಲಿ ಸೈಕಲ್ ಹೊಡೆಯುವುದೆಂದರೆ ಸೀರೆ ಗಂಟುಗಳ ನಡುವೆ ಸೈಕಲ್ಲನ್ನು ಹೊತ್ತು ನಡೆಯುವುದು. ಮೂಟೆ ಹೊತ್ತವರು "ಸೈಡ್ ಸೈಡ್" ಎಂದು ಕೂಗುತ್ತಾ ನಮ್ಮನ್ನು ಹಿಂದೆ ಹಾಕುತ್ತಾರೆ.

ಹೊಸ ಬಡಾವಣೆಗಳ ಕಷ್ಟ ಬೇರೆ. ಅಲ್ಲಿ ರಸ್ತೆ ಇದೆ, ವಿಳಾಸ ಸಿಗುವುದಿಲ್ಲ. ಜಯನಗರಕ್ಕೆ ಬ್ಲಾಕು, ಜೆ.ಪಿ. ನಗರಕ್ಕೆ ಫೇಸು. ಬನಶಂಕರಿಗೆ ಇದ್ಯಾವುದೂ ಸಾಲಲಿಲ್ಲ. ಮೂರನೇ ಸ್ಟೇಜು, ಮೂರನೇ ಫೇಸು, ಮೂರನೇ ಬ್ಲಾಕು ಎಂದು ಹರಾಜು ಕೂಗಿದ ಹಾಗೆ ಹೇಳಬೇಕು. ಅಲ್ಲಿ ದಾರಿ ಕೇಳಿದರೆ ಸಿಗುವ ಉತ್ತರ ಒಂದೇ: "ಇಲ್ಲೇ ಸಾರ್, ಹಿಂಗೇ ಸ್ಟ್ರೇಟ್ ಹೋಗಿ." ಕಾರಿನವನಿಗೆ ಈ "ಇಲ್ಲೇ" ಎರಡು ನಿಮಿಷ. ನಮಗೆ ಎರಡು ದಿಣ್ಣೆ.

"ಜಯನಗರದಲ್ಲಿ ಸೈಕಲ್ಲಿಗೇ ಅಂತ ದಾರಿ ಮಾಡಿದ್ದರಲ್ಲ?" ಎಂದೆ.

"ಮಾಡಿದ್ದರು. ಕಾರುಗಳಿಗೆ ತುಂಬ ಇಷ್ಟವಾಯಿತು" ಎಂದ ಪ್ರಸಾದ. "ಔಟರ್ ರಿಂಗ್ ರೋಡಿನಲ್ಲೂ 2020ರಲ್ಲಿ ಕಂಬ ನೆಟ್ಟು ಬೇರೆ ಮಾಡಿದ್ದರು. ನಾನು ಹೋದಾಗ ಕಂಬಗಳ ನಡುವೆ ಬೈಕ್‌ಗಳು ಸಾಲಾಗಿ ಬರುತ್ತಿದ್ದವು. ಬೆಲ್ ಹೊಡೆದರೆ, ರಸ್ತೆ ಅಲ್ಲಿದೆ, ಅಲ್ಲಿ ಹೋಗಿ ಎಂದು ನನಗೇ ತೋರಿಸಿದರು ಮಾರಾಯ."

"ನಮ್ಮ ಕಾಲದಲ್ಲಿ ಸೈಕಲ್ಲಿಗೆ ಮರ್ಯಾದೆ ಇತ್ತು" ಎಂದು ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ತೆರಿಗೆ ಇತ್ತು. ಕಟ್ಟಿದರೆ ಲೋಹದ ಬಿಲ್ಲೆ ಕೊಡುತ್ತಿದ್ದರು. ಕತ್ತಲಾದ ಮೇಲೆ ದೀಪ ಇಲ್ಲದೆ ಹೋದರೆ ಪೊಲೀಸರು ಹಿಡಿದು ಗಾಳಿ ಬಿಡುತ್ತಿದ್ದರು. ಡಬಲ್ ರೈಡಿಗೆ ದಂಡ. ಈಗ ನೋಡು, ಯಾರೂ ತಡೆಯುವುದೂ ಇಲ್ಲ."

ಗಾಳಿ ಬಿಡಿಸಿಕೊಂಡದ್ದನ್ನು ಮರ್ಯಾದೆ ಎಂದು ನೆನೆಯುವ ತಲೆಮಾರು ಅದು. ಈಗಿನ ಮರ್ಯಾದೆ ಗೊತ್ತಾಗಬೇಕಾದರೆ ಮಾಲ್ ಒಂದರ ಗೇಟಿಗೆ ಹೋಗಬೇಕು. ಲಡ್ಡಾದ ಸ್ಕೂಟರಿಗೆ ಚೀಟಿ ಹರಿದುಕೊಟ್ಟ ಸೆಕ್ಯೂರಿಟಿಯವರು, ಅದರ ಎರಡರಷ್ಟು ಬೆಲೆಯ ಪ್ರಸಾದನ ಸೈಕಲ್ಲಿಗೆ ಹಾಲಿನ ಕ್ರೇಟುಗಳ ಪಕ್ಕ ಜಾಗ ತೋರಿಸುತ್ತಾರೆ.

ಅಷ್ಟರಲ್ಲಿ ಮೇಜು ಒರೆಸುವ ಹುಡುಗ ಬಂದು ಬೆಂಗಳೂರಿನ ದಿಬ್ಬವನ್ನು ಒಂದೇ ಏಟಿಗೆ ಸಪಾಟು ಮಾಡಿದ. ದಾರಿ ಗೊತ್ತುಮಾಡಲೇಬೇಕಾಯಿತು. ಪ್ರಸಾದನಿಗೆ ನಂದಿ ಬೆಟ್ಟ. ಅದು ಬಡಾವಣೆಯಲ್ಲ ಎಂದು ಎಲ್ಲರೂ ತಳ್ಳಿಹಾಕಿದೆವು. ನನಗೆ ಭಾನುವಾರದ ಕಬ್ಬನ್ ಪಾರ್ಕು, ಅವತ್ತು ಒಳಗೆ ಗಾಡಿ ಬಿಡುವುದಿಲ್ಲ. ಸೀನನಿಗೆ ಇಳಿಜಾರು ಮಾತ್ರ ಇರುವ ದಾರಿ ಬೇಕು, ಸೈಕಲ್ಲು ಬಾಡಿಗೆಯದಾಗಬೇಕು, ಕೊನೆಗೆ ತಿಂಡಿ ಇರಬೇಕು.

"ಹಾಗಾದರೆ ದೊಡ್ಡ ಬಸವಣ್ಣನ ಗುಡಿಯಿಂದ ಹೊರಡೋಣ" ಎಂದರು ಮೇಷ್ಟ್ರು. "ವೃಷಭಾವತಿ ಹುಟ್ಟುವುದು ಅಲ್ಲೇ ಎನ್ನುತ್ತಾರೆ. ನೀರು ಹೋದ ಕಡೆ ಹೋದರೆ ಆಯಿತು. ಮೈಸೂರು ರಸ್ತೆಯವರೆಗೆ ಹೆಚ್ಚು ಕಡಿಮೆ ಇಳಿಜಾರೇ."

"ಅಲ್ಲಿ ವೃಷಭಾವತಿಯ ವಾಸನೆ ತಡೆಯಕ್ಕಾಗಲ್ಲ ಮೇಷ್ಟ್ರೇ."

"ಮೂಗು ಮುಚ್ಚಿಕೊ. ಇಳಿಜಾರಿನಲ್ಲಿ ಒಂದು ಕೈ ಬಿಡಬಹುದು."

"ಇಳಿಯೋದು ಸರಿ, ವಾಪಸ್ ಹೆಂಗೆ ಹತ್ತೋದು?"

"ಮೆಟ್ರೋ ಇದೆಯಲ್ಲ."

"ಮೆಟ್ರೋದಲ್ಲಿ ಮಡಚುವ ಸೈಕಲ್ ಮಾತ್ರ ಬಿಡುತ್ತಾರೆ ಮೇಷ್ಟ್ರೇ" ಎಂದಳು ಗೀತಾ.

ಎಲ್ಲರೂ ಹೊರಗೆ ನಿಂತಿದ್ದ ಮೇಷ್ಟ್ರ ಅಟ್ಲಾಸ್ ಸೈಕಲ್ಲಿನ ಕಡೆ ನೋಡಿದೆವು. ಕಬ್ಬಿಣದ ಕ್ಯಾರಿಯರ್, ಅದರ ಮೇಲೆ ಎರಡು ಸೋರೆಕಾಯಿ.

"ಅದರಲ್ಲಿ ಮಡಚುವುದು ಸ್ಟ್ಯಾಂಡ್ ಒಂದೇ" ಎಂದರು ಮೇಷ್ಟ್ರು. ಸೀನ ತನ್ನ ಸ್ಕೂಟರಿನ ಬೀಗ ತೆಗೆದು ತೋರಿಸಿ, "ಭಾನುವಾರ ಮೈಸೂರು ರಸ್ತೆಯಲ್ಲಿ ಕಾಯ್ತಿರ್ತೀನಿ, ಹಗ್ಗ ತನ್ನಿ" ಎಂದ.