ಅಪ್‌ಡೇಟ್: ತಮ್ಮನ ಬಲಗಣ್ಣಿನ ಕೆಂಪು ಮತ್ತು ಗೊರಕೆ

ಕೆರಟೋಕೋನಸ್ (ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ತೊಂದರೆ) ಇರುವ ನನ್ನ ತಮ್ಮನ ಬಲಗಣ್ಣು ಮಾತ್ರ ಬೆಳಿಗ್ಗೆ ಕೆಂಪಾಗಿರುವುದೇಕೆಂದು ಹಿಂದೆ ಕೇಳಿದ್ದೆ. "ಗೊರಕೆ ಇದೆಯೇ, ಯಾವ ಮಗ್ಗುಲಿಗೆ ಮಲಗುತ್ತಾರೆ?" ಎಂದು ಕೇಳಿ, ಇದಕ್ಕೂ ನಿದ್ದೆಗೂ ನಂಟಿರಬಹುದೆಂದವರ ಊಹೆಯೇ ನಿಜವಾಯಿತು. ಮಣಿಪಾಲದಲ್ಲಿ ಕಣ್ಣಿನ ವೈದ್ಯರು ಬಲಗಣ್ಣಿನ ಮೇಲ್ರೆಪ್ಪೆಯನ್ನು ಬೆರಳಿನಿಂದ ತುಸು ಮೇಲಕ್ಕೆಳೆದೊಡನೆ ಅದು ಹಳೆಯ ರಬ್ಬರಿನಂತೆ ತಾನಾಗಿಯೇ ಮಗುಚಿಕೊಂಡಿತು. ಅದನ್ನು ಕಂಡೇ ಅವರು ನಿದ್ರಾ ಪರೀಕ್ಷೆಗೆ ಬರೆದುಕೊಟ್ಟರು, ಅಲ್ಲಿ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ) ದೃಢಪಟ್ಟಿತು. ಇಂತಹ ಸಡಿಲ ರೆಪ್ಪೆ ನಿದ್ದೆಯಲ್ಲಿ ದಿಂಬಿಗೆ ಉಜ್ಜಿ ತೆರೆದುಕೊಂಡು ಕಾರ್ನಿಯಾವನ್ನು ಒಣಗಿಸುತ್ತದೆ, ಮತ್ತು ಅಪ್ನಿಯಾ, ಸಡಿಲ ರೆಪ್ಪೆ, ಕೆರಟೋಕೋನಸ್ ಈ ಮೂರೂ ಒಬ್ಬರಲ್ಲೇ ಕಾಣಿಸಿಕೊಳ್ಳುವುದು ವೈದ್ಯರಿಗೆ ಹೊಸತಲ್ಲ.

ಕಣ್ಣಿಗೆ ರೋಸ್ ವಾಟರ್ ಹಾಕುವ ಸಲಹೆಯೂ ಬಂದಿತ್ತು, ಅದರಿಂದ ಉರಿಯಷ್ಟೇ ಹೆಚ್ಚಿತು. ಸಿಪ್ಯಾಪ್ ಯಂತ್ರ (ನಿದ್ದೆಯಲ್ಲಿ ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರಿನ ದಾರಿ ತೆರೆದಿಡುವಂಥದ್ದು), ರಾತ್ರಿಯ ಕಣ್ಣಿನ ಮುಲಾಮು, ಬಲಮಗ್ಗುಲಿಗಾಗಲಿ ಅಂಗಾತವಾಗಲಿ ಮಲಗದೆ ಎಡಮಗ್ಗುಲಿಗೆ ಹೊರಳಿದ್ದು, ಇವುಗಳಿಂದ ಕೆಂಪು ಇಳಿದಿದೆ. ಅಚ್ಚರಿಯೆಂದರೆ, ಮೊದಲ ಮಾಸ್ಕಿನ ಅಂಚಿನಿಂದ ಸೋರಿದ ಗಾಳಿಯೇ ಕಣ್ಣನ್ನು ಒಣಗಿಸುತ್ತಿತ್ತು. ಅಳತೆ ಬದಲಿಸಿದ ಮೇಲೆ ಆ ತೊಂದರೆ ನಿಂತಿತು. ಕಾರ್ನಿಯಾದ ಉಬ್ಬಿಗೆ ಮಾತ್ರ ಸಿಪ್ಯಾಪ್ ಮದ್ದಲ್ಲ; ಅದರ ತಪಾಸಣೆ ಬೇರೆಯಾಗಿಯೇ ಮುಂದುವರಿದಿದೆ.